ಆರು ತೂತಿನ ಚಕ್ರ, ಐದು ಬೋಲ್ಟಿನ ಜೀಪು

ನಮ್ಮ ಜೀಪಿನ ಗುಂಪಿನಲ್ಲಿ ಒಂದು ನಿಯಮವಿದೆ. ಒಂದೇ ಮಳೆಗಾಲದಲ್ಲಿ ಮೂರು ಸಲ ಸಿಕ್ಕಿಹಾಕಿಕೊಂಡು, ಬೇರೆಯವರ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡವನು ಮುಂದಿನ ಮಳೆಗಾಲದವರೆಗೆ ಸ್ಟೇರಿಂಗ್ ಹಿಡಿಯುವಂತಿಲ್ಲ. ಬರಬಹುದು, ಆದರೆ ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂತು ಬರಬೇಕು, ಬರುವಾಗ ಎಲ್ಲರಿಗೂ ಚಿತ್ರಾನ್ನ ತರಬೇಕು. ಆ ವರ್ಷ ದಸರಾ ಹತ್ತಿರ ಬರುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ಎರಡು ಸೇರಿತ್ತು.

ಮೊದಲನೆಯದು ಮರ್ಯಾದೆಯ ಸೋಲು. ನಿಜವಾದ ಕೆಸರು, ಮೊಣಕಾಲುದ್ದ. ಎರಡನೆಯದನ್ನು ಹೇಳುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅಲ್ಲಿ ಕೆಸರೇ ಇರಲಿಲ್ಲ. ಒದ್ದೆ ಹುಲ್ಲು ಇತ್ತು. ಹಿಂದಿನ ಚಕ್ರಗಳು ಐಸ್ ಮೇಲೆ ನಿಂತ ಹಾಗೆ ಗಿರಗಿರ ತಿರುಗಿದವು, ನಾನು ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ, ಹುಲ್ಲು ಹೋಗಿ ಮಣ್ಣು ಬಂತು, ಮಣ್ಣು ಹೋಗಿ ಗುಂಡಿ ಬಂತು. ಅದೇ ಹೊತ್ತಿಗೆ ಒಬ್ಬ ಅಜ್ಜಿ ಮೊಪೆಡ್‌ನಲ್ಲಿ, ಮುಂದೆ ಎರಡು ಹುಲ್ಲಿನ ಹೊರೆ ಇಟ್ಟುಕೊಂಡು, ನಮ್ಮ ಪಕ್ಕದಲ್ಲೇ ಆರಾಮಾಗಿ ಏರು ಹತ್ತಿಕೊಂಡು ಹೋದರು. ನಿಲ್ಲಿಸಿ ನೋಡುವಷ್ಟು ಕುತೂಹಲವೂ ಅವರಿಗೆ ಇರಲಿಲ್ಲ.

ನಮ್ಮ ಗುಂಪು ನಡೆಸುವವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಐವತ್ತು ದಾಟಿದ ಹೆಂಗಸು. ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಸೇರಿಸುವುದು, ತೆಗೆಯುವುದು ಅವರ ಉದ್ಯೋಗ. ಭಾನುವಾರ ನಮ್ಮ ಜೊತೆ ಅದನ್ನೇ ಸಂಬಳವಿಲ್ಲದೆ ಮಾಡುತ್ತಾರೆ. ನನ್ನ ಜೀಪನ್ನು ಹುಲ್ಲಿನಿಂದ ಎಳೆದು ಹಾಕಿದ ಮೇಲೆ ಅವರು ಬಗ್ಗಿ ನನ್ನ ಟೈರಿನ ಮೇಲೆ ಅಂಗೈ ಆಡಿಸಿದರು.

“ಮಗಾ, ಇದು ಟೈರಾ, ಬಾಳೆಹಣ್ಣಿನ ಸಿಪ್ಪೆನಾ?”

“ರೋಡ್ ಟೈರ್ ಅಕ್ಕ. ಇನ್ನೂ ಅರ್ಧ ಲೈಫ್ ಇದೆ.”

“ರೋಡಲ್ಲಿ ಇಟ್ಕೋ ಆ ಲೈಫ್ನ. ಮುಂದಿನ ಸಲ ಆನೇಕಲ್ ಆಚೆ ಕ್ವಾರಿಗೆ ಹೋಗ್ತೀವಿ. ಮಡ್ ಟೈರ್ ಹಾಕ್ಕೊಂಡ್ ಬಾ. ಇಲ್ಲಾಂದ್ರೆ ಈಗ್ಲೇ ಚಿತ್ರಾನ್ನಕ್ಕೆ ಅಕ್ಕಿ ನೆನೆಹಾಕು.”

ಚಿತ್ರಾನ್ನಕ್ಕೆ ಅಕ್ಕಿ ನೆನೆಹಾಕುವುದಿಲ್ಲ ಎಂದು ಹೇಳಬೇಕೆನಿಸಿತು.

ಇದರಲ್ಲೇನಿದೆ, ಒಂದು ವರ್ಷ ಪಕ್ಕದ ಸೀಟಿನಲ್ಲಿ ಕೂತರಾಯಿತು ಎಂದು ನಿಮಗೆ ಅನ್ನಿಸಬಹುದು. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದನ್ನು ನೋಡಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ವಾರವಿಡೀ ಬರೆದು ಕಳಿಸುತ್ತೇನೆ. ನಾನೇ ಏನಾದರೂ ಮಾಡಿ, ಅದು ಸರಿಯೋ ತಪ್ಪೋ ಅಲ್ಲೇ ಗೊತ್ತಾಗುವುದು ತಿಂಗಳಿಗೊಂದು ಭಾನುವಾರ ಮಾತ್ರ. ಆ ಒಂದು ದಿನವೂ ಪಕ್ಕದಲ್ಲಿ ಕೂತು ಇನ್ನೊಬ್ಬರ ಡ್ರೈವಿಂಗ್ ನೋಡುವುದೆಂದರೆ ಭಾನುವಾರವೂ ಆಫೀಸಿಗೆ ಹೋದ ಹಾಗೆ. ಸ್ಟೇರಿಂಗ್ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಇರುವ ಟೈರು ತೆಗೆಸಿ ಮಡ್ ಟೈರು ಹಾಕಿಸಿದರೆ ಕಥೆ ಮುಗಿಯುತ್ತಿತ್ತು. ಅಡ್ಡ ಬಂದದ್ದು ಅಮ್ಮ. ಅಮ್ಮ ಹೆಬ್ಬಗೋಡಿಯ ಒಂದು ಶಾಲೆಯಲ್ಲಿ ಗಣಿತದ ಮೇಡಂ. ದಿನಾ ಬೆಳಿಗ್ಗೆ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಿಂದ ಅವಳನ್ನು ಜೀಪಿನಲ್ಲಿ ಬಿಟ್ಟು, ವಾಪಸ್ ತಿರುಗಿ ನಾನು ಆಫೀಸಿಗೆ ಬರುತ್ತೇನೆ. ಮಡ್ ಟೈರು ಡಾಂಬರಿನ ಮೇಲೆ ಹಿಟ್ಟಿನ ಗಿರಣಿ ಥರ ಗೊಂಯ್ ಎನ್ನುತ್ತದೆ, ಬ್ರೇಕ್ ಹಾಕಿದರೆ ಗಾಡಿ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿದೆ.

“ಕ್ಲಾಸಲ್ಲಿ ಐವತ್ತೆಂಟು ಮಕ್ಕಳು ಗೊಂಯ್ ಅಂತಾವೆ. ದಾರೀಲೂ ಬೇಕಾ ನಂಗೆ?” ಎಂದಳು. “ನಿನ್ನ ಆಟದ್ದು ಆಟಕ್ಕೆ ಇಟ್ಕೋ. ಸೋಮವಾರ ಬೆಳಿಗ್ಗೆ ಗಾಡಿ ಹಿಂಗೇ ಇರ್ಬೇಕು.”

ಹಾಗಾಗಿ ಎರಡನೇ ಸೆಟ್ ಬೇಕೆಂದು ತೀರ್ಮಾನವಾಯಿತು. ಬರೀ ಟೈರಲ್ಲ, ಚಕ್ರವೂ. ಒಂದೇ ಚಕ್ರಕ್ಕೆ ತಿಂಗಳಿಗೆ ಎರಡು ಸಲ ಟೈರು ಬಿಚ್ಚಿ ಹಾಕಿಸುತ್ತಿದ್ದರೆ ಟೈರಿನ ಅಂಚು ಕಿತ್ತುಹೋಗುತ್ತದೆ. ಚಕ್ರ ಬೇರೆಯೇ ಇದ್ದರೆ ಶನಿವಾರ ನಟ್ ಬಿಚ್ಚಿ ಬದಲಾಯಿಸಿದರಾಯಿತು. ಇಷ್ಟು ತಿಳಿದುಕೊಂಡ ಮೇಲೆ ನನಗೆ ಎಲ್ಲವೂ ಗೊತ್ತು ಎಂಬ ಭಾವನೆ ಬಂತು. ನನ್ನ ಜೀವನದ ಎಲ್ಲ ಅನಾಹುತಗಳೂ ಈ ಭಾವನೆ ಬಂದ ಮರುದಿನ ಶುರುವಾಗಿವೆ.

ಎರಡು ವಾರ ಮೊಬೈಲಿನಲ್ಲಿ ಚಕ್ರದ ವಿಷಯ ಓದಿದೆ. ಅಲಾಯ್ ಚಕ್ರ ನೋಡಲು ಚೆನ್ನ, ಆದರೆ ಬಂಡೆಗೆ ಬಡಿದರೆ ಸೀಳುತ್ತದೆ. ಕಬ್ಬಿಣದ್ದು ಸೊಟ್ಟಗಾಗುತ್ತದೆ, ಸುತ್ತಿಗೆಯಲ್ಲಿ ಬಡಿದು ಮನೆಗೆ ಬರಬಹುದು. ನಾನು ಬಂಡೆಗೆ ಬಡಿಯುವುದು ಖಂಡಿತವಾದ್ದರಿಂದ ಕಬ್ಬಿಣವೇ ಎಂದು ಗೊತ್ತುಮಾಡಿದೆ. ಆಮೇಲೆ ಬೋಲ್ಟುಗಳು ಕೂತಿರುವ ವೃತ್ತದ ಅಳತೆ. ಅದು ಒಂದು ಮಿಲಿಮೀಟರ್ ತಪ್ಪಿದರೂ ಚಕ್ರ ಕೂರುವುದಿಲ್ಲ ಎಂದು ಎಲ್ಲರೂ ಹೆದರಿಸಿದ್ದರು. ನಾನು ಅಮ್ಮನ ಬ್ಲೌಸ್ ಅಳತೆಯ ಟೇಪು ತಗೊಂಡು ಅಳೆದೆ, ಜೀಪಿನ ಪುಸ್ತಕದಲ್ಲಿ ನೋಡಿದೆ, ಇಬ್ಬರಿಗೆ ಫೋನ್ ಮಾಡಿ ಕೇಳಿದೆ. ನೂರ ಮೂವತ್ತೊಂಬತ್ತು ಪಾಯಿಂಟ್ ಏಳು. ಪೀಣ್ಯದ ಒಂದು ಸೆಕೆಂಡ್‌ಹ್ಯಾಂಡ್ ಗೋದಾಮಿನವರಿಗೆ ಅದೇ ಸಂಖ್ಯೆ ಹೇಳಿದೆ. ಇದೆ ಸಾರ್ ಎಂದರು. ನಾಲ್ಕು ಚಕ್ರ ಟೆಂಪೋದಲ್ಲಿ ಬಂದವು.

ಅಪ್ಪ ಕೆಳಗೆ ಇಳಿದು ಬಂದರು. ಅಪ್ಪ ಸರ್ಕಾರಿ ಯಂತ್ರದ ಕಾರ್ಖಾನೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವರು. ಕಾರ್ಖಾನೆಯಿಂದ ನಿವೃತ್ತರಾದರು, ಇನ್‌ಸ್ಪೆಕ್ಷನ್ನಿಂದ ಆಗಲಿಲ್ಲ. ದೋಸೆ ಬಂದರೆ ಮೊದಲು ಅಂಚು ಎತ್ತಿ ನೋಡುತ್ತಾರೆ. ಈಗ ಚಕ್ರವೊಂದನ್ನು ಗೋಡೆಗೆ ಒರಗಿಸಿ, ತೂತುಗಳ ಮೇಲೆ ಬೆರಳಿಟ್ಟು ಎಣಿಸತೊಡಗಿದರು.

“ಅಳತೆ ಎಷ್ಟು ಅಂದೆ?”

“ನೂರ ಮೂವತ್ತೊಂಬತ್ತು ಪಾಯಿಂಟ್ ಏಳು. ಮೂರು ಸಲ ಚೆಕ್ ಮಾಡಿದೀನಿ ಅಪ್ಪ.”

“ಅಳತೆ ಸರಿಯಾಗಿದೆ. ಇಲ್ಲಿ ತೂತು ಎಷ್ಟಿದೆ?”

ಎಣಿಸಿದೆ. ಆರು.

“ನಿನ್ನ ಜೀಪಲ್ಲಿ ಬೋಲ್ಟ್ ಎಷ್ಟಿದೆ?”

ಅದನ್ನು ಎಣಿಸಲು ಜೀಪಿನ ತನಕ ಹೋಗಬೇಕಾಗಿರಲಿಲ್ಲ. ಆದರೂ ಹೋದೆ. ಹೋಗಿ ಎರಡು ಸಲ ಎಣಿಸಿದೆ, ಎರಡನೇ ಸಲ ಒಂದು ಜಾಸ್ತಿ ಸಿಗಬಹುದು ಎಂಬ ಆಸೆಯಿಂದ. ಐದೇ ಇತ್ತು. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ಚಕ್ರ. ದಶಮಾಂಶದ ನಂತರದ ಏಳನ್ನು ನೆನಪಿಟ್ಟುಕೊಂಡವನು ಒಂದು, ಎರಡು, ಮೂರು ಎಂದು ಎಣಿಸಿರಲಿಲ್ಲ.

ಮಾರನೆಯ ಶನಿವಾರ ಅವೇ ನಾಲ್ಕನ್ನು ಜೀಪಿಗೆ ತುಂಬಿಕೊಂಡು ನಾನೂ ಅಪ್ಪನೂ ಪೀಣ್ಯಕ್ಕೆ ಹೊರಟೆವು. ಊರಿನ ಈ ತುದಿಯಿಂದ ಆ ತುದಿ.  ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಅಪ್ಪ ಪಕ್ಕದ ಲಾರಿಯ ಚಕ್ರ ನೋಡುತ್ತಾ “ಅದ್ರಲ್ಲಿ ಹತ್ತಿದೆ ನೋಡು” ಎಂದರು.

ಗೋದಾಮಿನವನು ಶಾಂತ ಮನುಷ್ಯ. ಹಳೆಯ ಚಕ್ರಗಳ ಗೋಪುರಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದ.

“ಸಾರ್, ನೀವು ಅಳತೆ ಕೇಳಿದ್ರಿ, ಅಳತೆ ಕೊಟ್ಟೆ. ತೂತು ಕೇಳ್ಲಿಲ್ವಲ್ಲ.”

“ನೀವಾದ್ರೂ ಯಾವ ಗಾಡಿ ಅಂತ ಕೇಳ್ಬೇಕಿತ್ತು ಅಣ್ಣ.”

“ಕೇಳೋಣ ಅಂದ್ಕೊಂಡೆ. ನೀವು ಪಾಯಿಂಟ್ ಏಳು ಅಂದ್ರಿ ನೋಡಿ, ಸುಮ್ನಾದೆ. ಇಷ್ಟ್ ತಿಳ್ಕೊಂಡೋರ್ಗೆ ನಾನೇನ್ ಹೇಳೋದು.”

ಜಗಳವಿಲ್ಲದೆ ಬದಲಾಯಿಸಿ ಕೊಡಲು ಒಪ್ಪಿದ. ಐದು ತೂತಿನವು ಹಿಂದಿನ ಸಾಲಿನಲ್ಲಿ ಒಂಬತ್ತು ಇದ್ದವು. ಯಾವುದಾದರೂ ನಾಲ್ಕು ತಗೊಳ್ಳಿ ಎಂದದ್ದೇ ಅವನ ತಪ್ಪಾಯಿತು. ಅಪ್ಪ ಮೊದಲು ಜೀಪಿನ ಹಿಂದಿನ ಚಕ್ರ ಒಂದನ್ನು ಜಾಕಿ ಕೊಟ್ಟು ಬಿಚ್ಚಿಸಿದರು. ಆಮೇಲೆ ಒಂಬತ್ತನ್ನೂ ಒಂದೊಂದಾಗಿ ಆ ಜಾಗಕ್ಕೆ ಹಾಕಿಸಿ, ಕೈಯಲ್ಲಿ ತಿರುಗಿಸುತ್ತಾ, ಅಂಚಿನ ಹತ್ತಿರ ಒಂದು ಸೀಮೆಸುಣ್ಣವನ್ನು ಅಲ್ಲಾಡದಂತೆ ಹಿಡಿದರು. ಚಕ್ರ ನೆಟ್ಟಗಿದ್ದರೆ ಸುತ್ತಲೂ ಗೆರೆ ಬೀಳುತ್ತದೆ. ಸೊಟ್ಟಗಿದ್ದರೆ ಉಬ್ಬಿದ ಕಡೆ ಮಾತ್ರ ಸುಣ್ಣ ಹತ್ತುತ್ತದೆ. ಇಷ್ಟು ಸುಲಭದ ಪರೀಕ್ಷೆ ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ. ಹಾಕುವುದು, ಬಿಚ್ಚುವುದು, ಎತ್ತುವುದು ನನ್ನ ಪಾಲಿಗೆ. ಆರನೇ ಚಕ್ರಕ್ಕೆ ನನ್ನ ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿತು.

“ಸಾರ್, ಇಷ್ಟೊತ್ತಿಗೆ ನಾನು ಒಂದು ಲಾರೀನೇ ಮಾರ್ತಿದ್ದೆ,” ಎಂದ ಗೋದಾಮಿನವನು.

“ಮಾರಿ ನೀವು. ನಾವೇನ್ ಬೇಡ ಅಂದ್ವಾ?” ಎಂದು ಅಪ್ಪ ಏಳನೆಯದಕ್ಕೆ ಕೈ ತೋರಿಸಿದರು.

ಒಂಬತ್ತರಲ್ಲಿ ನಾಲ್ಕು ಪಾಸಾದವು. ಅಪ್ಪ ಅವುಗಳ ಒಳಬದಿಗೆ ಸುಣ್ಣದಲ್ಲಿ ಸರಿ ಎಂದು ಗುರುತು ಹಾಕಿ, ಕೆಳಗೆ ಸಹಿಯನ್ನೂ ಹಾಕಿದರು. ಅಭ್ಯಾಸ.

ಅಲ್ಲಿಂದ ಹೆಬ್ಬಗೋಡಿಯ ಟೈರ್ ಅಂಗಡಿ. ಅಲ್ಲಿಯ ಅಣ್ಣ ನನಗೆ ಮೊದಲಿನಿಂದ ಪರಿಚಯ. ಅಮ್ಮ ಪಾಠ ಹೇಳುವ ಶಾಲೆಯಲ್ಲಿ ಅವನ ಮಗಳು ಏಳನೇ ಕ್ಲಾಸು, ಹಾಗಾಗಿ ನನಗೆ ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. ನಾನು ಗೋಡೆಗೆ ನೇತುಹಾಕಿದ್ದ ಅತಿ ದೊಡ್ಡ ಮಡ್ ಟೈರಿಗೆ ಬೆರಳು ತೋರಿಸಿದೆ. ಟ್ರ್ಯಾಕ್ಟರಿನ ತಮ್ಮನ ಹಾಗಿತ್ತು.

“ಅದು ಬೇಕು.”

“ಯಾಕೆ ಸಾರ್?”

“ದೊಡ್ಡದಿದ್ರೆ ಗಾಡಿ ಎತ್ತರ ಆಗುತ್ತಲ್ಲ.”

ಅವನು ನನ್ನ ಜೀಪಿನ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಲು ಹೇಳಿದ. ಎರಡು ಬೆರಳು ಹೋದವು. ಮೂರನೆಯದು ಸಿಕ್ಕಿಕೊಂಡಿತು.

“ಈಗಿರೋದಕ್ಕೇ ಇಷ್ಟ್ ಜಾಗ. ಅದನ್ನ ಹಾಕಿದ್ರೆ ನೀವು ನೇರಕ್ಕೆ ಹೋಗ್ಬೋದು, ತಿರುಗೋಕಾಗಲ್ಲ.”

“ಆಲ್ ಟೆರೇನ್ ಹಾಕ್ಸೋಣ್ವಾ ಹಾಗಾದ್ರೆ? ಎರಡಕ್ಕೂ ಆಗುತ್ತೆ ಅಂತಾರೆ.”

“ಒಂದೇ ಸೆಟ್ ಆಗಿದ್ರೆ ಅದನ್ನೇ ಕೊಡ್ತಿದ್ದೆ. ನೀವು ಎರಡು ಸೆಟ್ ಇಟ್ಕೋತಿದೀರ. ರೋಡಿಗೆ ರೋಡಿಂದು ಇದೆ. ಮಣ್ಣಿಗೆ ಪೂರ್ತಿ ಮಣ್ಣಿಂದೇ ಹಾಕಿ. ಅರ್ಧಂಬರ್ಧ ಯಾಕೆ?”

ಇದು ನನಗೆ ಚಕ್ರದ ವಿಷಯದಲ್ಲಿ ಯಾರೂ ಹೇಳದ ಬುದ್ಧಿಮಾತಾಗಿತ್ತು. ಹಾಗಾದರೆ ಮಡ್ ಟೈರು, ಆದರೆ ಒಂದು ಅಳತೆ ಮಾತ್ರ ದೊಡ್ಡದು ಎಂದು ನಾನು ಚೌಕಾಸಿಗೆ ಇಳಿದೆ. ಆಗ ಅವನು ತಲೆ ಕೆರೆದುಕೊಂಡು, “ಸ್ಟೆಪ್ನಿ ಎಲ್ಲಿ?” ಎಂದ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೀದಿ ನೋಡಿದರು. ತೂತು ಎಣಿಸಿದ, ಸುಣ್ಣ ಹಿಡಿದ, ಸಹಿ ಹಾಕಿದ ಅಪ್ಪನೂ ಜೀಪಿಗೆ ಐದನೇ ಚಕ್ರವೊಂದು ಬೇಕೆಂಬುದನ್ನು ಮರೆತಿದ್ದರು. ನನಗಾದ ಸಮಾಧಾನವನ್ನು ಅಡಗಿಸಿಕೊಳ್ಳಲು ಬಹಳ ಕಷ್ಟಪಟ್ಟೆ.

“ಬರೀ ನಾಲ್ಕು ತಂದಿದೀವಿ,” ಎಂದರು ಅಪ್ಪ ಕೊನೆಗೆ.

“ಹಂಗಾದ್ರೆ ಮುಗೀತು ಸಾರ್. ನಾಲ್ಕು ದೊಡ್ಡದು, ಸ್ಟೆಪ್ನಿ ಚಿಕ್ಕದು ಅಂತಿದ್ರೆ, ಪಂಕ್ಚರ್ ಆದ ದಿನ ಒಂದ್ ಕಡೆ ಕುಂಟ್ಕೊಂಡು ಹೋಗುತ್ತೆ. ನಾಲ್ಕೂ ಚಕ್ರ ಎಳೆಯೋ ಗೇರಲ್ಲಿ ಹಾಕಿದ್ರೆ ಒಳಗಿನ ಗೇರೇ ಹೋಗ್ಬಿಡುತ್ತೆ. ಈಗಿರೋ ಎತ್ತರದ್ದೇ ಹಾಕ್ಸಿ. ಹಳೇ ಸ್ಟೆಪ್ನೀನೇ ಮನೆಗೆ ಬರೋವರ್ಗೆ ಆಗುತ್ತೆ.”

ಹೀಗೆ ಎರಡು ವಾರದ ಓದು, ಒಂದು ಎಕ್ಸೆಲ್ ಹಾಳೆ ಮತ್ತು ಮೂರು ವಾದಗಳ ನಂತರ ನನ್ನ ಟೈರಿನ ಅಳತೆಯನ್ನು ಆರಿಸಿದ್ದು ನಮ್ಮ ಮರೆವು. ಅದೇ ಎತ್ತರ, ಅದೇ ಅಗಲ, ದಪ್ಪ ದಪ್ಪ ಗಡ್ಡೆಗಳ ಮಡ್ ಟೈರು. ಅಪ್ಪ ಪ್ರತಿ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ, ಯಾವ ವಾರ ಯಾವ ವರ್ಷ ತಯಾರಾದದ್ದು ಎಂದು ನೋಡಿ, ಒಂದನ್ನು ಹಳತು ಎಂದು ವಾಪಸ್ ಮಾಡಿದರು. ಹೊರಡುವಾಗ ಅಂಗಡಿಯ ಅಣ್ಣ ಎರಡು ಮಾತು ಹೇಳಿದ. ಚಕ್ರ ಹಾಕಿ ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೆ ಬಿಗಿ ಮಾಡಿ. ಮಣ್ಣಿಗೆ ಇಳಿಯುವ ಮೊದಲು ಅರ್ಧ ಗಾಳಿ ಬಿಡಿ. ಎರಡಕ್ಕೂ ಗಂಭೀರವಾಗಿ ತಲೆ ಆಡಿಸಿದೆ. ತಲೆ ಆಡಿಸುವುದರಲ್ಲಿ ನನ್ನಲ್ಲಿ ಯಾವ ಕೊರತೆಯೂ ಇಲ್ಲ.

ನಾಲ್ಕೂ ಚಕ್ರ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಂದರ ಮೇಲೊಂದು ನಿಂತವು. ಅಮ್ಮ ಅದರ ಮೇಲೆ ಕರಿಬೇವಿನ ಕುಂಡ ಇಟ್ಟಳು. ಎರಡೇ ದಿನಕ್ಕೆ ಅದು ಮನೆಯ ಸಾಮಾನಿನ ಹಾಗೆ ಕಾಣತೊಡಗಿತು.

ಆಯುಧಪೂಜೆಯ ದಿನ ಅಪ್ಪ ಬೆಳಿಗ್ಗೆಯೇ ತಮ್ಮ ಹಳೇ ಕಾರ್ಖಾನೆಗೆ ಹೋದರು. ನಿವೃತ್ತರನ್ನೂ ಆ ದಿನ ಒಳಗೆ ಬಿಡುತ್ತಾರೆ. ಮನೆಯ ಪೂಜೆ ನನ್ನ ಪಾಲಿಗೆ ಬಂತು. ಜೀಪಿಗೆ ಹಾರ, ಬೂದುಗುಂಬಳಕಾಯಿ, ಚಕ್ರದಡಿ ನಿಂಬೆಹಣ್ಣು ಎಲ್ಲ ಆಯಿತು. ಅಮ್ಮ ಮೇಲಿನಿಂದ ಬಗ್ಗಿ ನೋಡಿ, “ಬಾಲ್ಕನೀಲಿರೋ ನಾಲ್ಕು ಏನ್ ಪಾಪ ಮಾಡಿದಾವೆ? ಅದಕ್ಕೂ ಮಾಡು” ಎಂದಳು.

ಮೊದಲ ಓಟಕ್ಕೆ ಹೋಗಲಿರುವ ಚಕ್ರಗಳು, ನನ್ನ ಸ್ಟೇರಿಂಗ್ ಉಳಿಸಬೇಕಾದ ಚಕ್ರಗಳು. ಬರೀ ಒಂದು ಬೊಟ್ಟು ಇಟ್ಟು ಬಿಡುವುದು ಸರಿಯೆನಿಸಲಿಲ್ಲ. ಗಂಧ ತೇದು, ಕುಂಕುಮ ಕಲಸಿ, ಇಡ್ಲಿ ಹಿಟ್ಟಿನ ಹದಕ್ಕೆ ತಂದೆ. ಎಲ್ಲಿ ಹಚ್ಚುವುದು ಎಂದು ಯೋಚಿಸಿದಾಗ, ಚಕ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಷ್ಟಪಡುವ ಜಾಗ ಬೋಲ್ಟಿನ ತೂತೇ ಎಂದು ಹೊಳೆಯಿತು. ಈಗಾಗಲೇ ತೂತಿನ ವಿಷಯದಲ್ಲಿ ಒಂದು ಅಪಚಾರ ನಡೆದಿತ್ತು ಬೇರೆ. ಇಪ್ಪತ್ತು ತೂತಿಗೂ, ನಟ್ ಬಂದು ಕೂರುವ ಇಳಿಜಾರು ಅಂಚಿನ ಸುತ್ತ, ಬೆರಳು ತಿರುಗಿಸಿ ದಪ್ಪಗೆ ಬಳಿದೆ. ಒಣಗಿದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದೆ.

ಶನಿವಾರ ಬೆಳಿಗ್ಗೆ ಅಪ್ಪ ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದಾಗ ನಾನೇ ಕೂತು ಚಕ್ರ ಬದಲಾಯಿಸಿದೆ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿ ಮಾಡಿದೆ. ಸಂಜೆ ಅಮ್ಮನ ಸಾಮಾನು ತರಲು, ಗೆಳೆಯರಿಗೆ ತೋರಿಸಲು ಎಂದು ಊರೆಲ್ಲ ಸುತ್ತಿದೆ. ಗುಂಪಿನ ವಾಟ್ಸಾಪ್‌ನಲ್ಲಿ ಅಕ್ಕ ಕೇಳಿದ್ದರು: ನಟ್ ಮರುಬಿಗಿ ಎಲ್ಲರೂ ಮಾಡಿದೀರಾ? ನಾನು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದೆ. ಮಾಡಿರಲಿಲ್ಲ. ಬೆಳಿಗ್ಗೆ ಮಾಡೋಣ ಎಂದಿದ್ದೆ. ಬೆಳಿಗ್ಗೆ ಮರೆತೆ.

ಭಾನುವಾರ ಅಪ್ಪ ತಾವೂ ಬರುತ್ತೇನೆಂದರು. ಸಹಿ ಹಾಕಿದ ಚಕ್ರ ಹೇಗೆ ನಡೆಯುತ್ತದೆ ಎಂದು ನೋಡಬೇಕಿತ್ತೇನೋ. ಆರೂವರೆಗೆ ಹೊರಟೆವು. ಎಂಟಕ್ಕೆ ಕ್ವಾರಿಯ ಗೇಟಿನಲ್ಲಿ ಇರಬೇಕು. ತಡವಾಗಿ ಬಂದವರು ಗಾಡಿ ಅಲ್ಲೇ ನಿಲ್ಲಿಸಿ ಇನ್ನೊಬ್ಬರ ಗಾಡಿ ಹತ್ತಬೇಕು. ಚಂದಾಪುರ ದಾಟುವಾಗ ಟೈರುಗಳ ಗೊಂಯ್ ಶಬ್ದದ ಅಡಿಯಲ್ಲಿ ಇನ್ನೊಂದು ಕೇಳಿಸಿತು. ಟಿಕ್, ಟಿಕ್, ಟಿಕ್.

“ಅದೇನು?” ಎಂದರು ಅಪ್ಪ.

“ಮಡ್ ಟೈರು ಹಂಗೇ ಅಪ್ಪ. ಸೌಂಡ್ ಮಾಡುತ್ತೆ.”

ಅಪ್ಪ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರು.

“ರಬ್ಬರ್ ಸದ್ದಲ್ಲ ಇದು. ಕಬ್ಬಿಣದ್ದು. ನಿಲ್ಸು.”

“ಲೇಟಾಗುತ್ತೆ ಅಪ್ಪ. ಅಲ್ಲೇ ಹೋಗಿ ನೋಡೋಣ.”

“ನಿಲ್ಸು ಅಂದೆ.”

ಒಂದು ಹುಣಸೆಮರದಡಿ ನಿಲ್ಲಿಸಿದೆ. ಅಪ್ಪ ಹಿಂದಿನ ಎಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ನಟ್ ಹಿಡಿದರು. ಸ್ಪ್ಯಾನರ್ ಇಲ್ಲ, ಎರಡು ಬೆರಳು. ತಿರುಗಿತು. ಬಾಟಲಿಯ ಮುಚ್ಚಳದಷ್ಟು ಸಲೀಸಾಗಿ. ನಟ್ ತೆಗೆದಾಗ ಅದರ ಮೂತಿಯಿಂದ ಕೆಂಪು ಪುಡಿ ಅವರ ಅಂಗೈಗೆ ಉದುರಿತು.

ಅಪ್ಪ ಅದನ್ನು ಮೂಸಿ ನೋಡಿದರು. “ತುಕ್ಕಲ್ಲ. ಏನಿದು?”

“ಕುಂಕುಮ.”

“ಎಲ್ಲಿಗೆ ಹಚ್ಚಿದೆ?”

“ತೂತಿಗೆ.”

“ಎಷ್ಟು ತೂತಿಗೆ?”

“ಎಲ್ಲಾ ತೂತಿಗೆ. ಗಂಧಾನೂ ಇದೆ.”

ಅಪ್ಪ ಅಂಗೈಯ ಪುಡಿಯನ್ನು ಕೊಡವಿದರು. ಆಮೇಲೆ ಬೈಯುವ ಧ್ವನಿಯಲ್ಲಲ್ಲ, ಪಾಠ ಹೇಳುವ ಧ್ವನಿಯಲ್ಲಿ ಹೇಳಿದರು. “ನಮ್ಮ ಫ್ಯಾಕ್ಟರಿ ಶಾಪಲ್ಲಿ ನೂರಾರು ಮಿಷಿನ್ನಿಗೆ ಪೂಜೆ ಮಾಡ್ತಿದ್ವಿ. ಕುಂಕುಮ ಇಡೋದು ಮಿಷಿನ್ ಹಣೆ ಮೇಲೆ. ಹೆಸರಿನ ಪ್ಲೇಟ್ ಇರುತ್ತಲ್ಲ, ಅಲ್ಲಿ. ಕಬ್ಬಿಣಕ್ಕೆ ಕಬ್ಬಿಣ ಕೂರೋ ಜಾಗಕ್ಕೆ ದೇವರನ್ನೂ ಬಿಡಲ್ಲ. ಅದು ನಿನ್ನ ಗಂಧ ಒಣಗಿರೋವಾಗ ಬಿಗಿ ಇತ್ತು. ಓಡ್ತಾ ಓಡ್ತಾ ಪುಡಿ ಆಯ್ತು, ಜಾಗ ಬಿಡ್ತು, ನಟ್ ಸಡಿಲ ಆಯ್ತು. ಇನ್ನ ಹತ್ತು ಕಿಲೋಮೀಟರ್ ಹೋಗಿದ್ರೆ ಚಕ್ರ ನಮಗಿಂತ ಮುಂಚೆ ಕ್ವಾರಿ ಸೇರ್ತಿತ್ತು.”

ಏಳೂಕಾಲು ಆಗಿತ್ತು. ಈಗ ಬಿಗಿ ಮಾಡಿಕೊಂಡು ಹೋಗೋಣ, ಅಲ್ಲಿ ತಲುಪಿದ ಮೇಲೆ ತೊಳೆಯೋಣ ಎಂದು ಬೇಡಿಕೊಂಡೆ. ಅಪ್ಪ ಆಗಲೇ ಗಾಡಿಯಿಂದ ಜಾಕಿ ಹೊರಗೆ ತೆಗೆದಿದ್ದರು. ಒಂದೊಂದೇ ಚಕ್ರ ತೆಗೆದು, ಇಪ್ಪತ್ತು ತೂತು, ಇಪ್ಪತ್ತು ನಟ್ಟಿನ ಮೂತಿ ಒರೆಸಿದೆವು. ಮೊದಲು ಅಪ್ಪನ ಕರ್ಚೀಫು ಕೆಂಪಾಯಿತು, ಆಮೇಲೆ ನನ್ನ ಬನಿಯನ್ನು. ರಸ್ತೆ ಬದಿಯಲ್ಲಿ ಬರಿಮೈಯಲ್ಲಿ, ಕೈಯೆಲ್ಲ ಕೆಂಪು ಮಾಡಿಕೊಂಡು ಕೂತ ನನ್ನನ್ನು ಕಂಡು ಒಂದು ಬಸ್ಸು ಸುಮ್ಮನೆ ನಿಧಾನವಾಯಿತು. ಅಪ್ಪ ನಟ್ಟುಗಳನ್ನು ಎದುರುಬದುರಾಗಿ, ನಕ್ಷತ್ರ ಬರೆದ ಹಾಗೆ, ಒಂದು ಬಿಟ್ಟು ಒಂದು ಬಿಗಿ ಮಾಡಿದರು. ಎಲ್ಲ ಮುಗಿದಾಗ ಎಂಟು ಹೊಡೆದಿತ್ತು.

ಗೇಟು ತಲುಪಿದಾಗ ಎಂಟೂವರೆ. ಉಳಿದ ಏಳು ಜೀಪುಗಳೂ ಸಾಲಾಗಿ ನಿಂತಿದ್ದವು. ಅಕ್ಕ ಕೈಕಟ್ಟಿಕೊಂಡು ನಿಂತಿದ್ದರು.

“ನಮಸ್ಕಾರ ಸಾರ್,” ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಏನ್ ಮಗಾ, ಪಂಕ್ಚರಾ?”

ಪಂಕ್ಚರ್ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ಯಾರ ತಪ್ಪೂ ಅಲ್ಲ, ತಡಕ್ಕೆ ಮಾಫಿ ಸಿಗುತ್ತಿತ್ತು. ಅಪ್ಪ ಪಕ್ಕದಲ್ಲಿ ನಿಂತು ಗುಡ್ಡ ನೋಡುತ್ತಿದ್ದರು. ಅವರು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದೇ ತೊಂದರೆಯಾಯಿತು.

“ಇಲ್ಲ ಅಕ್ಕ. ನಟ್ ಲೂಸ್ ಆಗಿತ್ತು. ನಿನ್ನೆ ಹೆಬ್ಬೆರಳು ಹಾಕಿದ್ದು ಸುಳ್ಳು. ಚೆಕ್ ಮಾಡಿರ್ಲಿಲ್ಲ.” ಆಮೇಲೆ ಕುಂಕುಮದ್ದೂ ಹೇಳಿದೆ. ಹೇಗೂ ಅರ್ಧ ಮರ್ಯಾದೆ ಹೋಗಿತ್ತು, ಉಳಿದರ್ಧ ಇಟ್ಟುಕೊಂಡು ಏನು ಮಾಡುವುದು.

ಏಳು ಜೀಪಿನವರೂ ನಕ್ಕರು. ಅಕ್ಕ ಮಾತ್ರ ನಗದೆ ಬಂದು, ತಮ್ಮ ಸ್ಪ್ಯಾನರ್ ಹಾಕಿ ಇಪ್ಪತ್ತು ನಟ್ಟನ್ನೂ ಪರೀಕ್ಷಿಸಿದರು. ಒಂದೂ ಅಲುಗಲಿಲ್ಲ.

“ಯಾರು ಬಿಗಿ ಮಾಡಿದ್ದು?”

“ಅಪ್ಪ.”

“ಗೊತ್ತಾಯ್ತು.” ಸ್ವಲ್ಪ ಯೋಚಿಸಿದರು. “ಲೇಟಿಗೆ ಇಳಿಸ್ಬೇಕಿತ್ತು ನಿನ್ನ. ನಿಜ ಹೇಳಿದೀಯ ಅಂತ ಬಿಡ್ತಿದೀನಿ. ಕೊನೇಲಿ ಬಾ. ಆದ್ರೆ ಹಗ್ಗ ಬಿತ್ತು ಅಂದ್ರೆ ಮೂರು. ಅದ್ರಲ್ಲಿ ಮಾಫಿ ಇಲ್ಲ.”

ಮೊದಲ ಏರೇ ದೊಡ್ಡದು. ಕೆಂಪು ಮಣ್ಣು, ನಡುವೆ ಒಂದು ಒದ್ದೆ ಬಂಡೆಯ ಮೆಟ್ಟಿಲು. ಏಳು ಜೀಪುಗಳು ಹತ್ತಿ ಹೋಗಿ ಅದನ್ನು ಇನ್ನಷ್ಟು ನುಣುಪು ಮಾಡಿದ್ದವು. ಅಪ್ಪ ಪಕ್ಕದಲ್ಲಿ ಕೂತು ಹಿಡಿಕೆ ಹಿಡಿದರು. ಹೊರಟೆ. ಟೈರಿನ ಗಡ್ಡೆಗಳು ಮಣ್ಣನ್ನು ಕಚ್ಚಿ ಕಚ್ಚಿ ಏರುತ್ತಿರುವುದು ಸೀಟಿನವರೆಗೆ ಗೊತ್ತಾಗುತ್ತಿತ್ತು. ಹಳೇ ಟೈರಿನಲ್ಲಿ ಎಂದೂ ತಲುಪದಷ್ಟು ಎತ್ತರಕ್ಕೆ ಬಂದಿದ್ದೆ. ಮುಂದಿನ ಚಕ್ರ ಬಂಡೆಗೆ ತಾಗಿತು. ಎತ್ತಿತು, ಜಾರಿತು. ಹಿಂದಿನವು ತಿರುಗತೊಡಗಿದವು.

ನನ್ನ ಬಲಗಾಲಿಗೆ ಅದರದ್ದೇ ಒಂದು ಬುದ್ಧಿಯಿದೆ. ಇಂಥ ಹೊತ್ತಿನಲ್ಲಿ ಅದು ಒತ್ತುತ್ತದೆ. ಎರಡು ಸಲವೂ ಹಾಗೆಯೇ ಒತ್ತಿ, ಚಕ್ರ ತಾನೇ ತೋಡಿದ ಗುಂಡಿಯಲ್ಲಿ ಕೂತದ್ದು. ಆವತ್ತೂ ಒತ್ತಲು ಹೊರಟಿತು. ಮೇಲೆ ಅಕ್ಕ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಅಂಚಿಗೆ ಬಂದು ನಿಂತಿದ್ದರು.

“ಹಾಕ್ಲಾ?” ಎಂದು ಕೂಗಿದರು.

ಅಪ್ಪನ ಕಡೆ ನೋಡಿದೆ. ಅವರು ಬಂಡೆಯನ್ನೇ ನೋಡುತ್ತಿದ್ದರು, ಸುಣ್ಣ ಹಿಡಿದು ಚಕ್ರ ನೋಡುತ್ತಿದ್ದ ಮುಖದಲ್ಲಿ.

“ಬೇಡ ಅಕ್ಕ,” ಎಂದೆ. “ಇಳೀತೀನಿ.”

ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ನಿಧಾನಕ್ಕೆ ಬ್ರೇಕಿನಿಂದ ಕಾಲು ತೆಗೆದೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸತೊಡಗಿತು. ಅಪ್ಪ ಹಿಂದೆ ತಿರುಗಿ, “ನೆಟ್ಟಗೆ. ಸ್ವಲ್ಪ ಎಡ. ಸಾಕು. ನೆಟ್ಟಗೆ” ಎನ್ನುತ್ತಾ ಬಂದರು. ಹತ್ತುವಾಗ ಆದದ್ದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಕೆಳಗೆ ಸಮ ನೆಲಕ್ಕೆ ಬಂದು ಎಂಜಿನ್ ಆಫ್ ಮಾಡಿದೆ.

ಅಕ್ಕ ಹಗ್ಗದ ಸಮೇತ ಇಳಿದು ಬಂದರು. ಮುಂದಿನ ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಒಂದಿಷ್ಟೂ ತಗ್ಗಲಿಲ್ಲ.

“ಗಾಳಿ ಇಳಿಸ್ಲೇ ಇಲ್ವಾ?”

ಇಳಿಸಿರಲಿಲ್ಲ. ಟೈರು ಹೈವೇಗೆ ಹೋಗುವಷ್ಟು ಗಟ್ಟಿಯಾಗಿತ್ತು.

“ಅಲ್ವೋ, ಅಷ್ಟೆಲ್ಲ ಮಾಡಿ ಚಕ್ರ ಹುಡುಕಿ, ಟೈರ್ ಹುಡುಕಿ, ಪೂಜೆ ಮಾಡಿ, ತೊಳೆದು... ಐದು ನಿಮಿಷ ಗಾಳಿ ಬಿಡೋಕೆ ಆಗ್ಲಿಲ್ವಾ?”

“ಈಗ ಬಿಟ್ಟು ಇನ್ನೊಂದ್ಸಲ ಟ್ರೈ ಮಾಡ್ಲಾ ಅಕ್ಕ?”

“ಆಗಲ್ಲ. ಎಲ್ರೂ ಮೇಲೆ ಕಾಯ್ತಿದಾರೆ. ನೀನು ಗಾಳಿ ಇಳಿಸ್ಕೊಂಡು ಸುತ್ತಿನ ದಾರೀಲಿ ಮೇಲ್ ಬಾ.” ಹೊರಟವರು ಎರಡು ಹೆಜ್ಜೆ ಹೋಗಿ ನಿಂತರು. “ಮೂರು ವರ್ಷದಿಂದ ಇಲ್ಲಿಗೆ ಬರ್ತಿದೀವಿ. ತಾನಾಗೇ ಬೇಡ ಅಂತ ಇಳಿದು ಬಂದಿರೋದು ನೀನೊಬ್ನೇ. ಎರಡೇ ಇರ್ಲಿ ನಿಂದು.”

ಅಪ್ಪ ಇಳಿದು ನಾಲ್ಕೂ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದರು. ನಾನು ಒಂದೊಂದೇ ಟೈರಿನ ಮೂತಿಗೆ ಕಡ್ಡಿ ಒತ್ತಿ ಗಾಳಿ ಬಿಟ್ಟೆ. ಬಹಳ ಹೊತ್ತು ಹಿಡಿಯುವ ಕೆಲಸವೇನಲ್ಲ. ಆಮೇಲೆ ಸುತ್ತಿನ ದಾರಿಯಲ್ಲಿ ಎಲ್ಲರಿಗಿಂತ ಹಿಂದೆ, ಸ್ಟೇರಿಂಗ್ ಹಿಡಿದುಕೊಂಡು ನಾನೇ ಜೀಪನ್ನು ಮೇಲಕ್ಕೆ ಒಯ್ದೆ. ಆ ಮಳೆಗಾಲ ನನ್ನ ಲೆಕ್ಕ ಎರಡರಲ್ಲೇ ಮುಗಿಯಿತು. ಆ ಬಂಡೆಯ ಮೆಟ್ಟಿಲನ್ನು ಮಾತ್ರ ಇನ್ನೂ ಹತ್ತಿಲ್ಲ.